ಯಾವ ಹೆಪ್ಪು ಎಂದು ಕೇಳಿ ಕಳಿಸಿದ್ದಿರಿ

ಮಲ್ಲೇಶ್ವರಂ
ಭಾನುವಾರ ಮಧ್ಯಾಹ್ನ

ಅತ್ತೆಯವರಿಗೆ, ನಿಮ್ಮ ಕಿರಿ ಸೊಸೆ ವಾಣಿಯ ನಮಸ್ಕಾರಗಳು.

ನಿನ್ನೆ ಸಂಜೆ ಯಶಿ ನಿಮ್ಮ ಮನೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನೀವು ಹೇಳಿ ಕಳಿಸಿದ್ದನ್ನು ಒಪ್ಪಿಸಿದಳು. “ಅಮ್ಮಾ, ಮೊಸರಿಗೆ ಯಾವ ಹೆಪ್ಪು ಹಾಕಿದ್ರೆ ಒಳ್ಳೇದು ಅಂತ ಅಜ್ಜಿ ಕೇಳಿದ್ರು. ನಿಮ್ಮಮ್ಮ ಲ್ಯಾಬಲ್ಲಿರೋಳು, ಅವಳಿಗೆ ಎಲ್ಲಾ ಗೊತ್ತಿರ್ತದೆ, ಕೇಳ್ಕೊಂಡ್ ಬಾ ಅಂದ್ರು.” ಆಮೇಲೆ ಏನೋ ಮರೆತವಳ ಹಾಗೆ ಬಾಗಿಲಲ್ಲೇ ನಿಂತು ಇನ್ನೊಂದು ಮಾತು ಸೇರಿಸಿದಳು. “ನನಗೊಬ್ಬಳಿಗೇ ಒಂದು ಬಟ್ಲು ಸಾಕು, ಇನ್ಯಾರಿಗೂ ಕೊಡಾಕಿಲ್ಲ, ಹೆದರ್ಕೋಬೇಡ ಅಂತ ಹೇಳು ಅಂದ್ರು.” ನಾನು ಹುರುಳಿಕಾಯಿ ಸೋಸುತ್ತಿದ್ದೆ. ಮೊದಲನೆಯ ಮಾತಿಗೆ ನಗು ಬಂದಿತ್ತು. ಎರಡನೆಯದನ್ನು ಕೇಳಿದ ಮೇಲೆ ಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ನೀವು ಆಸ್ಪತ್ರೆಯಿಂದ ಬಂದು ಇವತ್ತಿಗೆ ಹನ್ನೆರಡು ದಿನ. ಮೂತ್ರದ ಸೋಂಕಿಗೆ ಅಷ್ಟೊಂದು ಸೂಜಿಮದ್ದು ಹೋದ ಮೇಲೆ ಹೊಟ್ಟೆ ಕೆಡದೆ ಇರುತ್ತದೆಯೇ? ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ತಿನ್ನಿ ಎಂದು ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ನೀವು ಊಟ ಮಾಡುತ್ತಿಲ್ಲ, ಎರಡು ತುತ್ತಿಗೆ ತಟ್ಟೆ ಸರಿಸುತ್ತೀರಿ ಎಂದು ವಸಂತ್ ಭಾವ ಫೋನಿನಲ್ಲಿ ನಿಮ್ಮ ಮಗನ ಹತ್ತಿರ ಹೇಳುತ್ತಿದ್ದರು. ಹಾಗಾಗಿ ಇದು ನಾನು ಬೇಗ ಉತ್ತರ ಕೊಡಬೇಕಾದ ಪ್ರಶ್ನೆ. ಫೋನಿನಲ್ಲಿ ಎರಡು ನಿಮಿಷದ ಮಾತು. ಆದರೆ ಫೋನು ಹಿಡಿದರೆ ಎರಡು ನಿಮಿಷದ ಮಾತನ್ನೇ ಆಡಿ ಇಟ್ಟುಬಿಡುತ್ತೇನೆಂದು ನನಗೆ ಗೊತ್ತು, ಇಷ್ಟು ವರ್ಷ ಮಾಡಿರುವುದೂ ಅದನ್ನೇ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಇವತ್ತು ನನಗೆ ಲ್ಯಾಬಿನಲ್ಲಿ ಭಾನುವಾರದ ಡ್ಯೂಟಿ, ಜನ ಕಡಿಮೆ. ಯಶಿಯ ನೋಟ್‌ಬುಕ್ಕಿನ ಹಾಳೆ ಹರಿದು ತಂದಿದ್ದೇನೆ. ನಿಮ್ಮ ಕಣ್ಣಿಗೆ ಅಕ್ಷರ ಹಿಡಿಯುವುದಿಲ್ಲ, ಬರುವ ಶನಿವಾರ ಅವಳೇ ಓದಿ ಹೇಳಲಿ ಎಂದು ದಪ್ಪಗೆ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಅಂಗಡಿಯ ಪ್ಯಾಕೆಟ್ ಮೊಸರನ್ನೇ ಒಂದು ಚಮಚ ಹಾಕಬಹುದು, ನಾನೂ ಅದನ್ನೇ ಮಾಡುತ್ತೇನೆ. ಮೊದಲ ದಿನ ಗಟ್ಟಿಯಾಗಿ ಬರುತ್ತದೆ, ಚಾಕುವಿನಲ್ಲಿ ಕುಯ್ಯಬಹುದು. ಅದರಿಂದ ತೆಗೆದು ಮತ್ತೆ ಹಾಕಿ, ಮತ್ತೆ ತೆಗೆದು ಮತ್ತೆ ಹಾಕಿ ನೋಡಿ, ನಾಲ್ಕೈದನೇ ಸಲಕ್ಕೆ ಲೋಳೆ ಲೋಳೆಯಾಗಿ ಎಳೆ ಬರುತ್ತದೆ. ಆಗ ಮತ್ತೊಂದು ಪ್ಯಾಕೆಟ್ ತರಬೇಕು. ಈಗ ಹೆಪ್ಪಿನ ಪುಡಿ ಎಂದೇ ಸಣ್ಣ ಸಣ್ಣ ಪೊಟ್ಟಣ ಬಂದಿದೆ, ಫೋನಿನಲ್ಲಿ ಒತ್ತಿದರೆ ಮನೆಗೇ ತಂದು ಕೊಡುತ್ತಾರೆ. ಯಾವ ಪೊಟ್ಟಣದಲ್ಲಿ ಯಾವ ಜಾತಿಯ ಜೀವ ಇದೆ ಎಂದು ಮೇಲೆ ಅಚ್ಚು ಹಾಕಿರುತ್ತಾರೆ. ಹುಳಿ ಬೇಕೋ ಬೇಡವೋ, ಗಟ್ಟಿ ಬೇಕೋ ತೆಳು ಬೇಕೋ, ಸೀರೆ ಅಂಗಡಿಯಲ್ಲಿ ಬಣ್ಣ ಆರಿಸಿದ ಹಾಗೆ ಆರಿಸಬಹುದು. ಒಣಮೆಣಸಿನಕಾಯಿ ತೊಟ್ಟು ನಿಮಗೇ ಗೊತ್ತು. ಬೆಚ್ಚಗಿನ ಹಾಲಿಗೆ ನಾಲ್ಕು ತೊಟ್ಟು ಹಾಕಿಟ್ಟರೆ ಮೊದಲ ದಿನ ಅರೆಬರೆ ಒಡೆದ ಹಾಗೆ ಆಗುತ್ತದೆ, ಅದನ್ನು ತಿನ್ನಬಾರದು, ಅದರಿಂದ ಒಂದು ಚಮಚ ತೆಗೆದು ಇನ್ನೊಂದು ಹಾಲಿಗೆ ಹಾಕಿದರೆ ಮೊಸರಿನಂಥ ಮೊಸರು. ಆದರೆ ನಿಮ್ಮ ಹೊಟ್ಟೆ ಈಗ ಇರುವ ಸ್ಥಿತಿಯಲ್ಲಿ ತೊಟ್ಟಿನ ಸಾಹಸ ಬೇಡ.

ಇನ್ನು ಅಕ್ಕಪಕ್ಕದ ಮನೆಯವರ ಹೆಪ್ಪು. ಅದನ್ನು ಕೇಳಲು ನೀವು ಹೋಗುವುದಿಲ್ಲ ಎಂದು ಗೊತ್ತು. ನಿಮ್ಮ ಕಾಲದಲ್ಲಿ ಬೀದಿಯ ಅರ್ಧ ಜನ ನಿಮ್ಮ ಬಾಗಿಲಿಗೆ ಬಟ್ಟಲು ಹಿಡಿದು ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಬಂದವರಿಗೆ “ಈಗ ಕೊಡಾಕಿಲ್ಲ ಕಣವ್ವ, ಬೆಳಿಗ್ಗೆ ಬಾ” ಎಂದು ಕಳಿಸಿ, ಬೆಳಿಗ್ಗೆ ಅವರು ಬರದಿದ್ದರೆ ನೀವೇ ಹೋಗಿ ಕೊಟ್ಟು ಬರುತ್ತಿದ್ದಿರಿ. ದೊಡ್ಡಬಳ್ಳಾಪುರದ ಕಡೆಯ ನಿಮ್ಮ ತವರಿನಿಂದ ಮದುವೆಯಾಗಿ ಬಂದಾಗ ನಿಮ್ಮವ್ವ ಕುಡಿಕೆಗೆ ಬಟ್ಟೆ ಕಟ್ಟಿ ಕೊಟ್ಟ ಹೆಪ್ಪು ಅದು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ನಿಮ್ಮನ್ನು ನೋಡಿ ಮಾವ, “ಮದುವೆಯಾದದ್ದು ನನ್ನನ್ನೋ ಕುಡಿಕೆಯನ್ನೋ” ಎಂದಿದ್ದರಂತೆ. ತೀರಿಹೋಗುವವರೆಗೂ ಅವರು ಆ ತಮಾಷೆ ಬಿಡಲಿಲ್ಲ. ನಲವತ್ತು ವರ್ಷ ಒಂದು ದಿನವೂ ತಪ್ಪದೆ ಆ ಹೆಪ್ಪನ್ನು ನಡೆಸಿಕೊಂಡು ಬಂದಿರಿ, ಸೂತಕದಲ್ಲೂ ಪಕ್ಕದ ಮನೆಗೆ ಕೊಟ್ಟು ಕಾಪಾಡಿ ಮತ್ತೆ ಈಸಿಕೊಂಡಿರಿ.

ಅದನ್ನು ಕೊನೆಗಾಣಿಸಿದವಳು ನಾನು. ಅದು ನಿಮಗೂ ಗೊತ್ತಿದೆ. ಹೇಗೆ ಕೊನೆಗಾಣಿಸಿದೆ ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ.

ಅತ್ತೆ, ಇಲ್ಲಿಂದ ಮುಂದಿನದನ್ನು ಯಶಿ ಓದುವುದು ಹೇಗೆ ಎಂದು ಯೋಚಿಸುತ್ತಾ ಪೆನ್ನು ಇಟ್ಟು ಒಂದು ಲೋಟ ಕಾಫಿ ಕುಡಿದು ಬಂದೆ. ಏನೂ ಹೊಳೆಯಲಿಲ್ಲ. ಬರೆದುಬಿಡುತ್ತೇನೆ, ಓದುವ ಮಾತು ಆಮೇಲೆ.

ಯಶಿಗೆ ಆಗ ಒಂದೂವರೆ ವರ್ಷ. ಹದಿನೈದು ದಿನ ಭೇದಿ ನಿಲ್ಲಲಿಲ್ಲ, ನೆನಪಿದೆಯಲ್ಲ? ಮಗು ಬತ್ತಿಯಂತೆ ಆಗಿತ್ತು. ನಾನು ಹಗಲೆಲ್ಲ ಲ್ಯಾಬಿನಲ್ಲಿ ನಿಂತು ಬಂದು ಮನೆಯಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದೆ. ನಿದ್ದೆ ಇರಲಿಲ್ಲ. ಆ ದಿನಗಳಲ್ಲಿ ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಓದಿದ ಸೊಸೆ ಎಂದು ಹೊರಗೆ ಹೇಳಿಕೊಳ್ಳುತ್ತಿದ್ದಿರಿ, ಒಳಗೆ ನನ್ನ ಕೆಲಸಕ್ಕೆ “ಹುಳ ನೋಡೋ ಕೆಲಸ” ಎಂದು ಹೆಸರಿಟ್ಟು ಎಲ್ಲರೂ ನಗುತ್ತಿದ್ದಿರಿ. ಮಗುವಿನ ವಿಷಯದಲ್ಲಿ ನಾನು ಏನು ಹೇಳಿದರೂ “ನಾವು ಮಕ್ಕಳನ್ನ ಸಾಕಿಲ್ವಾ” ಎಂಬ ಒಂದೇ ಉತ್ತರ. ಒಂದು ಸಲವಾದರೂ ಆ ಮನೆಯಲ್ಲಿ ನನ್ನ ಮಾತು ಗೆಲ್ಲಬೇಕಿತ್ತು. ನೀವು ಮಗುವಿಗೆ ಮೊಸರನ್ನ ಕಲಸಿ ತಿನ್ನಿಸುವುದನ್ನು ನೋಡಿ, ಇದೇ, ಇದರಿಂದಲೇ ಎಂದು ತೀರ್ಮಾನ ಮಾಡಿಬಿಟ್ಟೆ. ಮೊದಲು ತೀರ್ಮಾನ, ಆಮೇಲೆ ಪರೀಕ್ಷೆ.

ಒಂದು ಬೆಳಿಗ್ಗೆ ನೀವು ಹಾಲಿನವನ ಹತ್ತಿರ ಹೋಗಿದ್ದಾಗ ಮಡಕೆಯಿಂದ ಎರಡು ಚಮಚ ಮೊಸರನ್ನು ಸ್ಟೀಲಿನ ಕುಂಕುಮದ ಡಬ್ಬಿಯಷ್ಟು ಸಣ್ಣ ಡಬ್ಬಿಗೆ ಹಾಕಿಕೊಂಡು ಲ್ಯಾಬಿಗೆ ತಂದೆ. ಕೊಳಕಿನ ಕ್ರಿಮಿಯಷ್ಟೇ ಬೆಳೆಯುವ ಗಾಜಿನ ತಟ್ಟೆಯಲ್ಲಿ ಹಚ್ಚಿ ಬಿಸಿ ಪೆಟ್ಟಿಗೆಯಲ್ಲಿ ಇಟ್ಟೆ. ಮಾರನೆಯ ದಿನ ತೆಗೆದರೆ ತಟ್ಟೆಯ ತುಂಬ ಗುಲಾಬಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಕ್ರಿಮಿಗಳ ಗುಂಪು, ಮೋರಿಯ ಕೊಳಕಿನಿಂದ ಬರುವಂಥವು. ನನಗೆ ಹೆದರಿಕೆಯಾಗಬೇಕಿತ್ತು, ಆದರೆ ನಿಜ ಹೇಳುತ್ತೇನೆ ಅತ್ತೆ, ನನಗೆ ಆದದ್ದು ಸಂತೋಷ. ಲ್ಯಾಬಿನ ಹೆಸರಿದ್ದ ಕಾಗದದ ಮೇಲೆ ಟೈಪ್ ಮಾಡಿ, ಸಹಿ ಹಾಕಿ, ಮನೆಗೆ ತಂದು, ಎಲ್ಲರೂ ಊಟಕ್ಕೆ ಕೂತಿದ್ದಾಗ ನಿಮ್ಮ ಮಗನ ಕೈಗೆ ಕೊಟ್ಟೆ.

ಗೌರೀಶ ಓದಿದರು. ಭಾವ ಓದಿದರು. ನೀವು, “ಅದರಾಗೆ ಏನ್ ಬರ್ದದೆ?” ಎಂದಿರಿ. ನಾನೇ ಹೇಳಿದೆ. ನಿಮ್ಮ ಹೆಪ್ಪಿನಲ್ಲಿ ಕೊಳಕು ಸೇರಿದೆ, ಮಗುವಿಗೆ ಹೀಗಾದದ್ದು ಅದರಿಂದಲೇ ಎಂದೆ. ನೀವು ಜಗಳಕ್ಕೆ ಬರುತ್ತೀರಿ ಎಂದು ಸೆರಗು ಕಟ್ಟಿ ನಿಂತಿದ್ದೆ. ಭಾವ ಏನೋ ಹೇಳಲು ಬಾಯಿ ತೆಗೆದರು, ನೀವೇ ತಡೆದಿರಿ. “ಕಲ್ತವಳು ನೋಡಿ ಹೇಳ್ತಾವ್ಳೆ. ಸುಳ್ಳಿರ್ತದಾ?” ಎಂದಿರಿ. ಎದ್ದು ಹೋಗಿ ಮಡಕೆಯನ್ನು ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಸುರಿದಿರಿ. ಆಮೇಲೆ ಬಟ್ಟೆ ಸೋಪು ತೆಗೆದುಕೊಂಡು ಮೊಣಕೈವರೆಗೂ ಕೈ ತೊಳೆಯುತ್ತ ನಿಂತಿರಿ. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆವತ್ತಿನಿಂದ ನೀವು ಹೆಪ್ಪು ಹಾಕಲಿಲ್ಲ. ಅದು ಹೋಗಲಿ. ಆವತ್ತಿನಿಂದ ಯಶಿಗೆ ಒಂದು ತುತ್ತನ್ನೂ ತಿನ್ನಿಸಲಿಲ್ಲ. ಅವಳು ತೊಡೆ ಹತ್ತಿ ಬಾಯಿ ತೆರೆದರೆ, “ನಿಮ್ಮಮ್ಮನ ಕೈಲಿ ತಿನ್ನು ಮಗ” ಎನ್ನುತ್ತಿದ್ದಿರಿ. ಸ್ವಲ್ಪ ದಿನಕ್ಕೆ ಮರೆಯುತ್ತೀರಿ ಎಂದುಕೊಂಡೆ.

ಡಾಕ್ಟರ ಮದ್ದಿಗೆ ಯಶಿಯ ಭೇದಿ ನಿಂತಿತು, ಹೆಪ್ಪು ಹೋದದ್ದರಿಂದ ಎಂದು ಎಲ್ಲರೂ ನಂಬಿದರು. ಒಂದು ತಿಂಗಳಿಗೆ ನೆಲದೊಳಗಿನ ನೀರಿನ ಸಂಪು ತೊಳೆಯಲು ಶೀನಣ್ಣ ಬಂದ. ಒಳಗಿಳಿದವನು, “ಅಮ್ಮೋರೇ, ಇಲ್ಲಿ ಬಿರುಕು ಬಿಟ್ಟದೆ, ಮೋರಿ ನೀರು ಜಿನುಗ್ತಾ ಅದೆ” ಎಂದು ಕೂಗಿದ. ಎಲ್ಲರೂ ಮೂಗು ಮುಚ್ಚಿಕೊಂಡು ಇಣುಕಿ ನೋಡಿದರು. ನೀವು ಎದೆಯ ಮೇಲೆ ಕೈ ಇಟ್ಟುಕೊಂಡು, “ಸದ್ಯ, ಕುಡಿಯಾಕೆ ಕಾಯ್ಸಿದ ನೀರೇ ಇತ್ತು” ಎಂದಿರಿ. ಬಿರುಕು ಮುಚ್ಚಿಸಿದ್ದಾಯಿತು, ಮಾತು ಮುಗಿಯಿತು. ನನಗೆ ಮಾತ್ರ ಆ ಮಾತು ಮುಗಿಯಲಿಲ್ಲ. ಏಕೆಂದರೆ ಆ ಸಣ್ಣ ಡಬ್ಬಿಯನ್ನು ನಾನು ಅದೇ ಸಂಪಿನಿಂದ ಬರುವ ನಲ್ಲಿ ನೀರಿನಲ್ಲಿ ಜಾಲಿಸಿ, ಒರೆಸದೆ, ಹಾಗೇ ಮೊಸರು ತುಂಬಿದ್ದೆ. ಪರೀಕ್ಷೆಗೆ ಏನು ತಂದರೂ ಕುದಿಸಿದ ಸೀಸೆಯಲ್ಲೇ ತರಬೇಕು ಎನ್ನುವುದು ಈ ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿಕೊಡುವ ಪಾಠ. ಹೊಸಬರಿಗೆ ನಾನೇ ಕಿವಿ ಹಿಂಡಿ ಹೇಳಿಕೊಡುತ್ತಿದ್ದೆ. ಸಿಟ್ಟಿನ ಆತುರದಲ್ಲಿ ಅದೊಂದನ್ನೇ ಮರೆತಿದ್ದೆ.

ಮಾರನೆಯ ದಿನ ಕುದಿಸಿದ ಎರಡು ಸೀಸೆ ತಂದೆ. ಒಂದಕ್ಕೆ ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ನೀರು. ಇನ್ನೊಂದನ್ನು ಹಿಡಿದು ಹಿಂದಿನ ಬೀದಿಯ ತ್ರಿಪುರಸುಂದರಮ್ಮನವರ ಮನೆಗೆ ಹೋದೆ. ನೀವು ಮಡಕೆ ಸುರಿಯುವ ಹಿಂದಿನ ವಾರವಷ್ಟೇ ಅವರು ನಿಮ್ಮಿಂದ ಹೆಪ್ಪು ಒಯ್ದಿದ್ದರು. ಒಂದು ಚಮಚ ಮೊಸರು ಕೊಡಿ ಎಂದು ಈಸಿಕೊಂಡು ಬಂದೆ. ಎರಡು ತಟ್ಟೆ ಹಚ್ಚಿದೆ. ನೀರಿನ ತಟ್ಟೆಯಲ್ಲಿ ಅದೇ ಗುಲಾಬಿ ಚುಕ್ಕೆಗಳು. ಮೊಸರಿನ ತಟ್ಟೆಯಲ್ಲಿ ಒಂದು ಚುಕ್ಕೆ ಇಲ್ಲ. ನೀವು ಮಡಕೆಗೆ ದಿನಾ ಕುದಿಯುವ ನೀರು ಸುರಿದು ಬಿಸಿಲಿಗೆ ಬೋರಲು ಹಾಕುತ್ತಿದ್ದಿರಿ. ಅದನ್ನು ನೋಡಿ ನಾನು ನಗುತ್ತಿದ್ದೆ.

ಇನ್ನೂ ಇದೆ. ಯಶಿಯ ಹಾಲಿನ ಬಾಟಲಿಯನ್ನು ನೀವು ಮುಟ್ಟಕೂಡದು, ನಾನೇ ತೊಳೆಯುತ್ತೇನೆ ಎಂದು ಕಟ್ಟು ಮಾಡಿದ್ದೆನಲ್ಲ? ಸಂಜೆ ಕುದಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತೆಂದು ಅದೇ ನಲ್ಲಿಯ ಕೆಳಗೆ ಒಂದು ಸಲ ಜಾಲಿಸಿ ಹಾಲು ತುಂಬಿ ಕೊಡುತ್ತಿದ್ದೆ. ದಿನಾ. ಮಗುವಿನ ಹೊಟ್ಟೆಗೆ ಕೊಳಕು ಹೋದದ್ದು ನನ್ನ ಕೈಯಿಂದ ಅತ್ತೆ, ನಿಮ್ಮ ಕೈಯಿಂದಲ್ಲ.

ಆ ಸಂಜೆಯೇ ತ್ರಿಪುರಸುಂದರಮ್ಮನವರ ಮನೆಯಿಂದ ಒಂದು ಬಟ್ಟಲು ನಿಮ್ಮದೇ ಹೆಪ್ಪನ್ನು ತಂದು ನಿಮ್ಮ ಮುಂದೆ ಇಟ್ಟು ತಪ್ಪಾಯಿತು ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ನಿಮ್ಮ ಮಗ ಯಾರ ಮುಂದೆಯೋ, “ನಮ್ಮ ವಾಣಿ ಇಲ್ಲದಿದ್ರೆ ಮಗು ಉಳೀತಿರ್ಲಿಲ್ಲ” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನು ಕೇಳಿದ ಮೇಲೆ ಹೇಳುವುದನ್ನು ಇನ್ನೂ ಮುಂದಕ್ಕೆ ಹಾಕಿದೆ. ಮೂರು ತಿಂಗಳಿಗೆ ಲ್ಯಾಬಿಗೆ ಹತ್ತಿರ ಎಂಬ ನೆವ ಹೇಳಿ ಇಲ್ಲಿಗೆ ಮನೆ ಮಾಡಿಕೊಂಡು ಬಂದೆವು. ನಿಮ್ಮ ಜೊತೆ ಹೊಂದಿಕೊಳ್ಳಲಾರದೆ ಹೋದೆ ಎಂದು ನಿಮ್ಮ ನೆಂಟರೆಲ್ಲ ಮಾತಾಡಿಕೊಂಡರು. ನಿಜವಾಗಿ ನೀವು ಕೈ ತೊಳೆಯುವುದನ್ನು ನೋಡಲಾಗದೆ ಓಡಿಬಂದೆ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನೂ ಯಶಿಯೂ ನಿಮ್ಮ ಹತ್ತಿರ ಕೂತಿದ್ದೆವು. ತಟ್ಟೆಯಲ್ಲಿ ಇಡ್ಲಿ ಇತ್ತು. ಯಶಿ ಮಂಚದ ಮೇಲೆ ಹತ್ತಿ ಕೂತಳು. ನೀವು ಜ್ವರದ ಮಂಪರಿನಲ್ಲಿ ಒಂದು ಚೂರು ಮುರಿದು ಅವಳ ಬಾಯಿಯ ತನಕ ಒಯ್ದಿರಿ. ಆಮೇಲೆ ನೆನಪಾಯಿತು. ಅದನ್ನು ತಟ್ಟೆಗೆ ಹಾಕಿ ಬೆರಳುಗಳನ್ನು ಹೊದಿಕೆಗೆ ಒರೆಸಿಕೊಂಡಿರಿ. ಎಂಟೂವರೆ ವರ್ಷವಾಯಿತು ಅತ್ತೆ. ಜ್ವರದಲ್ಲಿ ಎಷ್ಟೋ ಜನರ ಹೆಸರು ಮರೆತಿದ್ದಿರಿ, ಭಾವನನ್ನು ಮಾವನ ಹೆಸರಿನಿಂದ ಕರೆದಿರಿ. ನಾನು ಹೇಳಿದ ಸುಳ್ಳನ್ನು ಮಾತ್ರ ಮರೆಯಲಿಲ್ಲ.

ಈಗ ಅದೇ ನನ್ನನ್ನು ನಂಬಿ, ಯಾವ ಹೆಪ್ಪು ಚೊಕ್ಕ ಎಂದು ಕೇಳಿ ಕಳಿಸಿದ್ದೀರಿ. ಬೈದು ಕಳಿಸಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಡ್ಯೂಟಿಗೆ ಬರುವ ಮೊದಲು ಕುಮಾರ ಪಾರ್ಕಿಗೆ, ನಿಮ್ಮ ಬಡಾವಣೆಗೇ ಹೋಗಿದ್ದೆ, ನಿಮ್ಮ ಮನೆಯ ಮುಂದೆಯೇ ತಲೆ ತಗ್ಗಿಸಿಕೊಂಡು ಹಾದು ಹೋದೆ. ತ್ರಿಪುರಸುಂದರಮ್ಮ ಬಾಗಿಲು ತೆಗೆದರು. ನಮ್ಮತ್ತೆಯ ಹೆಪ್ಪು ಇನ್ನೂ ಇದೆಯೇ ಎಂದು ಕೇಳಿದೆ. “ಅಯ್ಯೋ, ಅದು ಯಾವ ಕಾಲದ್ದಮ್ಮಾ! ಮಗಳ ಬಾಣಂತನಕ್ಕೆ ಅಂತ ಎರಡು ತಿಂಗಳು ಹೋಗಿದ್ದೆ, ಬರೋಷ್ಟರಲ್ಲಿ ಒಣಗಿ ಹಕ್ಕಳೆಯಾಗಿತ್ತು. ಆಮೇಲಿಂದ ಪ್ಯಾಕೆಟ್ಟೇ” ಎಂದರು. ಕಾಫಿಗೆ ಕರೆದರು, ಹೊತ್ತಾಯಿತೆಂದು ಬಂದುಬಿಟ್ಟೆ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ನನಗೆ ಬಹಳ ಸುಸ್ತಾಗಿದೆ. ಕೆಲಸದ ಸುಸ್ತಾದರೆ ಮಲಗಿದರೆ ಹೋಗುತ್ತದೆ, ಇದು ಹೋಗುತ್ತಿಲ್ಲ.

ನಿಮ್ಮ ಹೆಪ್ಪನ್ನು ನಾನು ವಾಪಸು ತಂದು ಕೊಡಲಾರೆ. ಯಾವ ಲ್ಯಾಬೂ ತಂದು ಕೊಡಲಾರದು. ಹಾಗಾಗಿ ಲ್ಯಾಬಿನವಳಾಗಿ ನನ್ನ ಉತ್ತರ ಇಷ್ಟು: ಪುಡಿಯ ಪೊಟ್ಟಣದಲ್ಲಿ ಶುರು ಮಾಡಿ, ಅದು ನಿಮ್ಮ ಹೊಟ್ಟೆಗೆ ಹಗುರ. ಶನಿವಾರದವರೆಗೆ ಕಾಯುವುದು ಬೇಡ, ಇವತ್ತೇ ನಿಮ್ಮ ಮನೆಗೆ ಬರುವ ಹಾಗೆ ಫೋನಿನಲ್ಲಿ ಒತ್ತಿ, ಇಷ್ಟನ್ನು ಭಾವನಿಗೆ ಹೇಳಿರುತ್ತೇನೆ. ಉಗುರುಬೆಚ್ಚಗಿನ ಹಾಲಿಗೆ ಹಾಕಿ, ಅಲ್ಲಾಡಿಸದೆ ಇಡಿ. ಇವೆಲ್ಲ ನಿಮಗೆ ನಾನು ಹೇಳಿಕೊಡುವುದು ನಗೆಪಾಟಲು. ಮಾರನೆಯ ದಿನದಿಂದ ಅದರಲ್ಲೇ ಒಂದು ಚಮಚ ತೆಗೆದು ಮುಂದಕ್ಕೆ ನಡೆಸಿ. ಅದು ಸ್ವಲ್ಪ ದಿನಕ್ಕೆ ನಿಮ್ಮ ಅಡುಗೆಮನೆಗೆ, ನಿಮ್ಮ ಹಾಲಿಗೆ, ನಿಮ್ಮ ಮಡಕೆಗೆ ಹೊಂದಿಕೊಳ್ಳುತ್ತದೆ. ನಿಮ್ಮವ್ವ ಕೊಟ್ಟದ್ದರ ರುಚಿ ಬರುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಒಂದು ಬಟ್ಟಲಲ್ಲ, ಮಡಕೆ ತುಂಬ ಹಾಕಿ.

ಈ ಕಾಗದವನ್ನು ಯಶಿಯ ಚೀಲದಲ್ಲಿ ಇಟ್ಟು ಕಳಿಸಬೇಕೆಂದಿದ್ದೆ. ಬರೆದು ಮುಗಿಸುವ ಹೊತ್ತಿಗೆ ಬೇಡವೆನಿಸಿತು. ನನ್ನ ತಪ್ಪನ್ನು ಹತ್ತು ವರ್ಷದ ಮಗುವಿನ ಬಾಯಲ್ಲಿ ಹೇಳಿಸಿ ನಾನು ಮನೆಯಲ್ಲಿ ಕೂತಿರುವುದೂ ಒಂದು ಬಗೆಯ ಓಡಿಹೋಗುವುದೇ. ಶನಿವಾರ ಅವಳ ಜೊತೆ ನಾನೂ ಬರುತ್ತೇನೆ. ನಿಮ್ಮ ಮಗನಿಗೆ ಇವತ್ತು ಸಂಜೆಯೇ ಹೇಳುತ್ತೇನೆ. ಭಾವ ಮನೆಯಲ್ಲಿರಲಿ, ಆವತ್ತು ಊಟಕ್ಕೆ ಕೂತಿದ್ದವರೆಲ್ಲ ಇರಲಿ, ಎಲ್ಲರ ಮುಂದೆ ಇದನ್ನು ನಾನೇ ಓದುತ್ತೇನೆ. ಯಶಿಯೂ ಕೇಳಲಿ. ಒಳಗೆ ಕರೆಯಲು ನಿಮಗೆ ಮನಸ್ಸಾಗದಿದ್ದರೆ ವರಾಂಡದಲ್ಲಿ ನಿಂತೇ ಓದುತ್ತೇನೆ. ನಿಮ್ಮ ಕಣ್ಣು ಮಂಜಾಗಿರಬಹುದು, ಕಿವಿ ಮಾತ್ರ ಬಹಳ ಚುರುಕು.

ಓದಿ ಮುಗಿಸಿದ ಮೇಲೆ ನೀವು ಬೈಯಿರಿ, ಇಲ್ಲ ಮಾತು ಬಿಡಿ, ನಿಮ್ಮಿಷ್ಟ. ಕ್ಷಮಿಸಿ ಎಂದು ಕೇಳುವ ಧೈರ್ಯ ನನಗಿಲ್ಲ. ಬೇರೊಂದು ಕೇಳುತ್ತೇನೆ. ಒಂದು ತಟ್ಟೆಯಲ್ಲಿ ಅನ್ನ ತೆಗೆದುಕೊಂಡು, ಮೊಸರು ಹಾಕಿ, ಚಮಚ ಬೇಡ, ನಿಮ್ಮ ಕೈಯಲ್ಲೇ ಕಲಸಿ ಯಶಿಗೆ ತಿನ್ನಿಸಿ. ಅವಳಿಗೆ ಈಗ ಹತ್ತು ತುಂಬಿದೆ, ಯಾರ ಕೈತುತ್ತೂ ಬೇಡ, ನನ್ನಿಂದ ತಲೆ ಬಾಚಿಸಿಕೊಳ್ಳುವುದಕ್ಕೂ ನಾಚಿಕೆ. ನೀವು ಕೈ ಎತ್ತಿ ನೋಡಿ, ಬಾಯಿ ತೆರೆಯುತ್ತಾಳೆ.

ಚಿಕ್ಕವಳು ದೊಡ್ಡವರನ್ನು ಹರಸುವ ಹಾಗಿಲ್ಲ. ಆದರೂ ನಿಮ್ಮ ಹೊಟ್ಟೆ ತಣ್ಣಗಿರಲಿ ಅತ್ತೆ, ಆ ಕೈಯಲ್ಲಿ ಎಂದೂ ಕೊಳಕಿರಲಿಲ್ಲ.

ಇಂತಿ ನಿಮ್ಮ ಸೊಸೆ,
ವಾಣಿ